ಹೆಣ್ಮಕ್ಕಳ ಕಾಲಿಗೆ ಅಳತಿ ಇಲ್ಲೇನ್ರಿ?

ನಮ್ಮ ಓಣಿಯ ಐದು ಮಂದಿ ಹೆಣ್ಮಕ್ಕಳು ಸಂಕ್ರಮಣ ಮುಗದ ಮ್ಯಾಲ ಸೈಕಲ್ ಹೊಡಕೊಂಡು ಕೂಡಲಸಂಗಮಕ್ಕ ಹೊಂಟಾರ ಅನ್ನೋ ಸುದ್ದಿ ಈಗ ಚಿಕ್ಕನರಗುಂದದಾಗ ಎಲ್ಲಾರಿಗೂ ಗೊತ್ತಾಗೇತಿ. ಹೋಗಬೇಕೋ ಬ್ಯಾಡೋ ಅನ್ನೋ ಜಗಳ ಮುಗದೈತಿ, ಹೋಗೋದು ಖರೆ. ಈಗ ಎರಡನೇ ಜಗಳ ಸುರು ಆಗೇತಿ. ಕಾಲಾಗ ಏನ ಹಾಕ್ಕೊಂಡು ಹೋಗಬೇಕು ಅನ್ನೋದು. ಮೊದಲನೇ ಜಗಳಕ್ಕಿಂತ ಇದ ದೊಡ್ಡದು ಅಂತ ನಾನು ಹೇಳ್ತೀನಿ. ಮೊದಲನೇದ್ರಾಗ ಬ್ಯಾಡ ಅನ್ನೋರು ಎದುರಿಗೆ ನಿಂತು ಬ್ಯಾಡ ಅಂದ್ರು, ನಾವೂ ಎದುರಿಗೆ ನಿಂತು ಉತ್ತರ ಕೊಟ್ವಿ. ಇದ್ರಾಗ ಯಾರೂ ಬ್ಯಾಡ ಅನ್ನಂಗಿಲ್ಲ. "ಹೋಗ್ರೆವಾ, ಯಾರ ಬ್ಯಾಡ ಅಂದಾರ, ಆದ್ರ ಇರೋ ಚಪ್ಪಲಿ ಮ್ಯಾಲ ಹೋಗ್ರಿ" ಅಂತಾರ. ಇರೋ ಚಪ್ಪಲಿ ಮ್ಯಾಲ ಹೋಗ್ರಿ ಅಂದ್ರ, ಬಾದಾಮಿ ಮುಟ್ಟೂದ್ರಾಗ ಕಾಲ ಕೆಡಿಸ್ಕೊಂಡು ಬಸ್ಸಿನ್ಯಾಗ ವಾಪಸ್ ಬರ್ರಿ ಅಂತ ಹೇಳಿದಂಗ.

ಲೆಕ್ಕ ಹಾಕೂಣು. ಇಲ್ಲಿಂದ ನರಗುಂದ, ಅಲ್ಲಿ ಹುಬ್ಬಳ್ಳಿ–ವಿಜಯಪುರ ಹೈವೇ ಹಿಡದು ಕೊಣ್ಣೂರ, ಮಲಪ್ರಭಾ ದಾಟಿ ಕುಳಗೇರಿ ಕ್ರಾಸ್, ಅಲ್ಲಿ ಬಲಕ್ಕ ಹೊಳ್ಳಿದ್ರ ಬಾದಾಮಿ. ಮೊದಲನೇ ದಿನ ಸುಮಾರು 50 ಕಿಲೋಮೀಟರ್. ನಮ್ಮ ಕಡಿ ಇರೋ ಸಾದಾ ಸೈಕಲ್ದಾಗ ಪೆಡ್ಲ ಒಂದ ಸುತ್ತ ತಿರುಗಿದ್ರ ಗಾಡಿ ಹೆಚ್ಚು ಕಡಿಮಿ 5 ಮೀಟರ್ ಮುಂದ ಹೋಗ್ತೈತಿ. 50 ಕಿಲೋಮೀಟರಿಗೆ 10,000 ಸುತ್ತು. ಅಂದ್ರ ಎಡಗಾಲು ಹತ್ತಸಾವಿರ ಸಲ ಒತ್ತಬೇಕು, ಬಲಗಾಲು ಹತ್ತಸಾವಿರ ಸಲ ಒತ್ತಬೇಕು. ಎದುರುಗಾಳಿ ಇದ್ರ ಒತ್ತೋದು ಇನ್ನೂ ಜೋರ. ಅದೂ ಬರೇ ಮೊದಲನೇ ದಿನ. ಮರದಿನ ಪಟ್ಟದಕಲ್ಲು, ಐಹೊಳೆ, ಅದರ ಮರದಿನ ಸಂಗಮ. ಮತ್ತ ಅಷ್ಟ ದಾರಿ ಹೊಳ್ಳಿ ಬರೋದೈತಿ. ಗಿರಣಿಗೆ ಹಿಟ್ಟ ಬೀಸಾಕ ಹೋಗೋ ಚಪ್ಪಲಿ ಈ ಕೆಲಸಕ್ಕ ಹುಟ್ಟಿದ್ದಲ್ಲ.

ಸ್ಲೀಪರ್ ಹಾಕ್ಕೊಂಡು ಸೈಕಲ್ ಹೊಡದ್ರ ಏನಾಗ್ತೈತಿ ಅಂತ ಒಮ್ಮಿ ವಿಚಾರ ಮಾಡಿ ನೋಡ್ರಿ. ನಡಿಯೋ ಮುಂದ ಅಂಗಾಲ ಪೂರ್ತಿ ನೆಲಕ್ಕ ತಾಕ್ತೈತಿ, ಮೈಭಾರ ಹಂಚಿ ಹೋಗ್ತೈತಿ. ಸೈಕಲ್ ಹೊಡಿಯೋ ಮುಂದ ಹಂಗಲ್ಲ. ನಾಕ ಬೆಟ್ಟ ಅಗಲದ ಪೆಡ್ಲಿನ ಮ್ಯಾಲ ಎಲ್ಲಾ ಒತ್ತಡಾ ಬೀಳ್ತೈತಿ. ಅಟ್ಟಿ ಮೆತ್ತಗಿದ್ರ ಅದು ಪೆಡ್ಲಿನ ಮ್ಯಾಲ ಬಾಗ್ತೈತಿ, ಅದರ ಜೋಡಿ ಪಾದಾನೂ ಬಾಗ್ತೈತಿ. ಒಂದ ತಾಸಿಗೆ ಬೆಟ್ಟಿನ ಬುಡಕ್ಕ ಉರಿ ಬರ್ತೈತಿ, ಎರಡನೇ ತಾಸಿಗೆ ಜುಮ್ಮ ಹಿಡೀತೈತಿ. ಇನ್ನ ಉಂಗುಟದ ಚಪ್ಪಲಿಗೆ ಹಿಂದ ಪಟ್ಟಿ ಇಲ್ಲ. ಅದು ಉಚ್ಚಿ ಬೀಳಬಾರ್ದು ಅಂತ ಹೆಬ್ಬೆಟ್ಟು ಅದನ್ನ ಹಿಡಕೊಂಡ ಇರಬೇಕು. ನಮಗ ಗೊತ್ತಾಗಂಗಿಲ್ಲ, ಆದ್ರ ಕಾಲು ಹಿಡಕೊಂಡ ಇರ್ತೈತಿ. ಹತ್ತಸಾವಿರ ಸಲ ಪೆಡ್ಲ ಒತ್ತೋದು ಒಂದ ಕೆಲಸ, ಇಡೀ ದಿನ ಚಪ್ಪಲಿ ಹಿಡಿಯೋದು ಎರಡನೇ ಕೆಲಸ. ಸಂಜಿಗೆ ಮೀನಖಂಡ ಕಟ್ಟಿ ಬರ್ತಾವ, ಆಮ್ಯಾಲ ಮನ್ಯಾಗ "ಹೇಳಿದ್ದೆ ಇಲ್ಲೋ, ಹೆಣ್ಮಕ್ಕಳಿಗೆ ಆಗಂಗಿಲ್ಲ ಇದು" ಅಂತಾರ. ಆಗದಿರೋದು ಹೆಣ್ಮಗಳಿಗಲ್ರಿ, ಚಪ್ಪಲಿಗೆ.

ಚಪ್ಪಲಿ ಮೆತ್ತಗಿದ್ರ ಕೆಲವರು ಅದರಿಂದ ತಪ್ಪಿಸ್ಕೊಳ್ಳಾಕ ಪೆಡ್ಲನ್ನ ನಡು ಅಂಗಾಲಿಗೆ ತೊಗೋತಾರ. ನಮ್ಮ ಓಣ್ಯಾಗ ಅರ್ಧ ಮಂದಿ ಹಂಗ ಹೊಡಿಯೋದು. ನರಗುಂದದ ಸಂತಿಗೆ ಹೋಗಿ ಬರಾಕ ಅದು ನಡೀತೈತಿ. ದೂರ ಹೋಗೋ ಮುಂದ ಬೆಟ್ಟಿನ ಬುಡದ ಅಗಲ ಭಾಗ ಪೆಡ್ಲಿನ ನಡು ಗೂಟದ ಮ್ಯಾಲ ಬರಬೇಕು. ಅಲ್ಲೆ ಇಟ್ರ ಮೀನಖಂಡಾನೂ ದುಡೀತೈತಿ, ಮಣಕಾಲಿನ ಮ್ಯಾಲ ಹೊರಿ ಕಡಿಮಿ ಆಗ್ತೈತಿ.

ರೊಕ್ಕದ ಮಾತಿಗೆ ಬರೂಣು. "ಬೂಟಿಗೆ ಏಳನೂರು ಎಂಟನೂರು ಯಾಕ ಹಾಕಬೇಕು" ಅಂತ ಕೇಳಿದವರು ಗಂಡಸೂರಲ್ಲ. ನಮ್ಮ ನೆಗೆಣ್ಣಿ ಕೇಳಿದ್ಲು, ನಮ್ಮ ಚಿಗವ್ವ ಕೇಳಿದ್ಲು. ಅದಕ್ಕ ನಾನು ಇದನ್ನ ನಿಮಗ ಬರೀಲಿಕತ್ತೀನಿ, ಗಂಡಸೂರಿಗಲ್ಲ. ಮದುವಿಗೆ ಹೋಗಾಕ ಎರಡ ಸಲ ಉಟ್ಟ ಸೀರಿ ಮೂರನೇ ಸಲ ಉಟ್ರ ಮಂದಿ ನೋಡ್ತಾರ ಅಂತ ಹೊಸಾದು ತೊಗೊಳ್ಳೋ ಮನ್ಯಾಗ, ಮೂರ ವರ್ಷ ಬಾಳೋ ಬೂಟಿಗೆ ಚೌಕಾಶಿ ನಡೀತೈತಿ. ಚಿಗವ್ವ, ಸಿಟ್ಟಾಗಬ್ಯಾಡ. ನಿನ್ನ ಮೊಮ್ಮಗ ಕ್ರಿಕೆಟ್ ಆಡಾಕ ಯಾವ ಬೂಟ ಹಾಕ್ತಾನ, ಅದರ ಕಿಮ್ಮತ್ತ ಎಷ್ಟು ಅಂತ ಅವನನ್ನ ಕೇಳು. ಕೇಳಿ ಆದ ಮ್ಯಾಲ ಮೊಮ್ಮಗಳ ಕಾಲ ನೋಡು.

ಒಂದ ಮಾತ ನೆನಪ ಮಾಡ್ಕೋರಿ. ಸರ್ಕಾರಿ ಸಾಲಿ ಮಕ್ಕಳಿಗೆ ವರ್ಷಾ ಒಂದ ಜೋಡ ಕರೇ ಬೂಟು, ಎರಡ ಜೋಡ ಬಿಳೇ ಸಾಕ್ಸ್ ಕೊಡೋ ಯೋಜನಾ ಬಂತು. ಅದಕ್ಕ ಮೊದಲ 2006-07ರಿಂದ ಎಂಟನೇತ್ತೆ ಮಕ್ಕಳಿಗೆ ಸೈಕಲ್ ಕೊಡಾಕ ಸುರು ಮಾಡಿದ್ರು, ಕೊರೊನಾ ಬಂದ ವರ್ಷ ಅದು ನಿಂತು ಹೋತು. ಈಗ ಹೊಂಟಿರೋ ಐದು ಮಂದ್ಯಾಗ ಮೂರು ಮಂದಿ ಸೈಕಲ್ ಕಲತಿದ್ದು ಆ ಸರ್ಕಾರಿ ಸೈಕಲ್ಲಿನ ಮ್ಯಾಲ. ಹತ್ತನೇತ್ತೆ ತನಕ ನಮ್ಮ ಹುಡುಗ್ಯಾರು ಹುಡುಗರಂಗ ಬೂಟ ಹಾಕ್ಕೊಂಡು ನಡದಾರ, ಓಡ್ಯಾರ, ಸೈಕಲ್ ಹೊಡದಾರ. ಪರೀಕ್ಷಾ ಮುಗದ ದಿನ ಬೂಟ ಬಿಚ್ಚಿಟ್ರು. ಹುಡುಗರು ಅಲ್ಲಿಂದ ಸ್ಪೋರ್ಟ್ಸ್ ಬೂಟಿಗೆ ಹೋದ್ರು. ಹುಡುಗ್ಯಾರು ಹೀಲ್ ಇರೋ ಚಪ್ಪಲಿಗೆ ಬಂದ್ರು, ಮದುವ್ಯಾದ ಮ್ಯಾಲ ಸ್ಲೀಪರಿಗೆ ಇಳದ್ರು, ಹೊಲದಾಗ ಬರಿಗಾಲಿಗೆ ನಿಂತ್ರು. ಹದಿನಾರನೇ ವರ್ಷಕ್ಕ ಹೆಣ್ಣಿನ ಪಾದ ಸಣ್ಣದಾಗಿ ಹೋತೇನು? ಓಡಾಟ ಕಡಿಮಿ ಆತೇನು? ನಾಕ ಗಂಟಿಗೆ ಎದ್ದು ರಾತ್ರಿ ಹತ್ತರ ತನಕ ಯಾರ ನಿಂತಿರ್ತಾರ ಈ ಮನ್ಯಾಗ?

ಇದರ ಬೇರು ಬ್ಯಾರೇನ ಐತಿ ಅಂತ ನನಗ ಅನಸ್ತೈತಿ. ಕಾಲಿಗೆ ಹಾಕೋದು ಕೀಳು ವಸ್ತು ಅಂತ ನಾವು ತಿಳಕೊಂಡೀವಿ. ಚಪ್ಪಲಿ ಮಾತು ಜಗಳದಾಗ ಬರ್ತೈತಿ, ಗೌರವದಾಗ ಬರಂಗಿಲ್ಲ. ಅದನ್ನ ಮಾಡೋರನ್ನ ಊರ ಅಂಚಿಗೆ ಇಟ್ವಿ, ವಸ್ತುವನ್ನ ಹೊಸ್ತಿಲದ ಆಚಿ ಇಟ್ವಿ, ಅದಕ್ಕ ರೊಕ್ಕ ಹಾಕೋದನ್ನ ದುಂದು ಅಂದ್ವಿ. ಆದ್ರ ಹೊಂಟಿರೋದು ಎಲ್ಲಿಗೆ? ಬಸವಣ್ಣನ ಸಂಗಮಕ್ಕ. ಶ್ರಾವಣದಾಗ ಪುರಾಣ ಕೇಳಾಕ ಎಲ್ಲಾರೂ ಮುಂದ ಕುಂಡ್ರತೀವಿ, ಸಮಗಾರ ಹರಳಯ್ಯನ ಕಥಿ ಬಂದಾಗ ಕಣ್ಣೀರ ಒರಸ್ಕೋತೀವಿ. ಹರಳಯ್ಯ ಒಂದ ಸಲ ಶರಣು ಅಂದ್ರ ಬಸವಣ್ಣ ಎರಡ ಸಲ ಶರಣು ಅಂದ, ಆ ಋಣಾ ಹೆಂಗ ತೀರಸೋದು ಅಂತ ಗಂಡ ಹೆಂಡ್ತಿ ವಿಚಾರ ಮಾಡಿದ್ರು. ಹರಳಯ್ಯ ಬಲತೊಡಿ ಚರ್ಮ ಕೊಟ್ಟ, ಕಲ್ಯಾಣಮ್ಮ ಎಡತೊಡಿ ಚರ್ಮ ಕೊಟ್ಲು, ಪಾದರಕ್ಷಿ ಮಾಡಿ ಒಯ್ದ್ರು. ಬಸವಣ್ಣ ಅವನ್ನ ಕಾಲಿಗೆ ಹಾಕ್ಕೊಳ್ಳಿಲ್ಲ, ತಲಿ ಮ್ಯಾಲ ಇಟ್ಕೊಂಡ. ಪುರಾಣದಾಗ ಪಾದರಕ್ಷಿ ತಲಿ ಮ್ಯಾಲ, ಮನ್ಯಾಗ ಹೆಣ್ಮಗಳ ಕಾಲಿಗೆ ಒಂದ ಜೋಡ ಚಲೋದು ಬ್ಯಾಡ. ಇದೆಂಥಾ ಭಕ್ತಿ?

ಈಗ ಕಾಲುಂಗರದ ವಿಷಯಾ. ಖರೇ ಜಗಳ ಇಲ್ಲೈತಿ. ಐದು ಮಂದ್ಯಾಗ ಇಬ್ಬರಿಗೆ ಮದುವಿ ಆಗೇತಿ. ಒಬ್ಬಾಕಿ ನಮ್ಮ ಹಿತ್ತಲಮನಿ ಸೊಸಿ. ಅಕಿ ಕೇಳಿದ್ದು ಇಷ್ಟ. "ಅತ್ತ್ಯಾರ, ಐದು ದಿನ ಕಾಲುಂಗರ ತಗದು ದೇವರ ಜಗಲಿ ಮ್ಯಾಲ ಇಟ್ಟ ಹೋಗ್ಲೇನ್ರಿ?" ಅತ್ತ್ಯಾರು ಅಂದ್ರು, "ತಗಿಯೋದಿದ್ರ ಹೋಗೋದ ಬ್ಯಾಡ." ಮುಗೀತು ಮಾತು. ಐದು ಮಂದಿ ನಾಕ ಮಂದಿ ಆಗೋ ಹಂತಕ್ಕ ಬಂದೈತಿ.

ಅತ್ತ್ಯಾರ, ನೀವು ಇದನ್ನ ಓದಿಸ್ಕೊಂಡು ಕೇಳ್ತೀರಿ ಅಂತ ನನಗ ಗೊತ್ತೈತಿ. ನಿಮ್ಮ ಮ್ಯಾಲ ನನಗ ಗೌರವ ಕಡಿಮಿ ಇಲ್ಲ. ನನ್ನ ಮಾತ ಪೂರ್ತಿ ಕೇಳ್ರಿ.

ಕಾಲುಂಗರ ಬರಿಗಾಲಿಗೆ ಹುಟ್ಟಿದ ವಸ್ತು. ಚಪ್ಪಲಿ ತನಕ ನಡೀತೈತಿ, ಬೆಟ್ಟಿಗೆ ಜಗಾ ಇರ್ತೈತಿ. ಮುಂದ ಮುಚ್ಚಿರೋ ಬೂಟಿನ್ಯಾಗ ಆ ಬೆಳ್ಳಿ ಪಕ್ಕದ ಬೆಟ್ಟಿಗೆ ಒತ್ತತೈತಿ. ಒಮ್ಮಿ ಒತ್ತಿದ್ರ ಏನೂ ಇಲ್ಲ. ಹತ್ತಸಾವಿರ ಸಲ ಒತ್ತಿದ್ರ ಚರ್ಮ ಸುಲೀತೈತಿ. ಅದ್ರ ಮ್ಯಾಲ ಬಿಸಲಿಗೆ, ತಾಸಗಟ್ಲೆ ಕಾಲ ಕೆಳಗ ಬಿಟ್ಟು ಕುಂತಿದ್ದಕ್ಕ ಪಾದ ಊದ್ತಾವ. ಎಲ್ಲಾರಿಗೂ ಊದ್ತಾವ, ರೋಗ ಏನಲ್ಲ. ಊದಿದ ಬೆಟ್ಟಿನ್ಯಾಗ ಬಿಗಿ ಉಂಗರ ಅಂದ್ರ ಹಗ್ಗಾ ಬಿಗದಂಗ. ಆಮ್ಯಾಲ ಎಣ್ಣಿ ಹಚ್ಚಿ ಸಬಕಾರ ಹಚ್ಚಿ ಎಳದಾಡಿದ್ರೂ ಬರಂಗಿಲ್ಲ. ಎರಡೂ ಬೆಟ್ಟಿಗೆ ಎರಡೆರಡು ಸುತ್ತಿನ ಕಾಲುಂಗರ ಹಾಕ್ಕೊಂಡವರ ಪಾಡಂತೂ ಕೇಳಬ್ಯಾಡ್ರಿ.

ನಿಮ್ಮ ಸೊಸಿಗೆ ಹೋದ ವರ್ಷ ಹೆರಿಗಿ ಆಪರೇಶನ್ ಆತು. ಒಳಗ ಒಯ್ಯೋ ಮುಂದ ನರ್ಸ್ ಬಾಯಾರು ಬಳಿ, ಮೂಗಬಟ್ಟು, ಕಾಲುಂಗರ ಎಲ್ಲಾ ತಗಸಿ ಒಂದ ಅರಬ್ಯಾಗ ಕಟ್ಟಿ ನಿಮ್ಮ ಕೈಯಾಗ ಕೊಟ್ರು. ನೀವ ಉಡಿಯಾಗ ಕಟ್ಕೊಂಡು ಹೊರಗ ಕುಂತಿದ್ರಿ. ಆ ದಿನ ಮುತ್ತೈದಿತನಕ್ಕ ಏನೂ ಆಗ್ಲಿಲ್ಲ. ಯಾಕ? ಜೀವದ ಪ್ರಶ್ನಾ ಇತ್ತು ಅಂತೀರಿ. ಹೌದು, ಅಂದ್ರ ತಗೀಬಹುದು ಅನ್ನೋದು ಸಿದ್ಧ ಆತು. ಇನ್ನ ಉಳದದ್ದು ಯಾವ ಕಾರಣಕ್ಕ ತಗೀಬಹುದು ಅನ್ನೋದಷ್ಟ. ಬ್ಯಾನಿ ಆದ್ರ ತಗೀಬಹುದು, ಖುಷಿ ಸಲುವಾಗಿ ತಗೀಬಾರ್ದು ಅಂತ ಕಾಯ್ದೆ ಇದ್ರ ಅದನ್ನ ಬಾಯಿಬಿಟ್ಟ ಹೇಳ್ರಿ, ನಾವು ಕೇಳತೀವಿ. ಮುತ್ತೈದಿತನದ ಹೆಸರ ಹೇಳಬ್ಯಾಡ್ರಿ.

ತಗಿಯೋದ ಬ್ಯಾಡ ಅಂದ್ರೂ ದಾರಿ ಐತಿ, ಅದನ್ನೂ ಹೇಳ್ತೀನಿ. ತೆಳ್ಳಂದು ಒಂದ ಸುತ್ತಿನ, ಬಾಯಿ ಬಿಟ್ಟಿರೋ ಕಾಲುಂಗರ ಸಿಗ್ತಾವ. ಊದಿದ್ರ ತಾನ ಅಗಲ ಆಗ್ತಾವ. ಅವನ್ನ ಹಾಕ್ಕೊಂಡು, ಮುಂದ ಬೆಟ್ಟು ತೆರದಿರೋ, ಹಿಂದ ಪಟ್ಟಿ ಇರೋ ಸ್ಯಾಂಡಲ್ ಹಾಕ್ಕೊಂಡ್ರ ಒತ್ತೋದಿಲ್ಲ. ಹಿತ್ತಲಮನಿ ಸೊಸಿಗೆ ಇದ ಸಾಕಾದೀತು. ಆದ್ರ ನಾನು ಇದನ್ನ ಸೋತು ಹೇಳಿದ್ದಲ್ಲ. ಐದು ದಿನ ಜಗಲಿ ಮ್ಯಾಲ ಇಟ್ಟು ಹೋಗೋದ ಸುಲಭ ಅಂತ ಈಗಲೂ ಹೇಳ್ತೀನಿ. ಕಾಲಗೆಜ್ಜಿ ಮಾತ್ರ ಮದುವ್ಯಾಗಿರ್ಲಿ ಆಗದಿರ್ಲಿ ಎಲ್ಲಾರೂ ತಗೀಬೇಕು. ಚೈನಿನ್ಯಾಗ ಸಿಕ್ರ ಗೆಜ್ಜಿ ಹರಿಯೋದಲ್ಲ, ಬೀಳೋದು ನೀವು. ದುಪಟ್ಟಾದ್ದೂ ಅದ ಕಥಿ.

ಅಂಗಡಿಗೆ ಹೋದ್ರ ಇನ್ನೊಂದ ತಮಾಷಿ. "ಲೇಡೀಸ್ ಬೂಟ ತೋರಸ್ರಿ" ಅಂದ್ರ ಅಂಗಡ್ಯಾಂವ ಗುಲಾಬಿ ಬಣ್ಣದ್ದು, ಮುಂದ ಚೂಪ ಇರೋದು ನಾಕ ಜೋಡ ಇಡ್ತಾನ. ಅಟ್ಟಿ ಹಿಂಡಿದ್ರ ಹೋಳಿಗಿ ಹಂಗ ಮಡಚ್ತೈತಿ. "ಅಗಲಂದು ಇಲ್ಲೇನ್ರಿ" ಅಂದ್ರ "ಹೆಣ್ಮಕ್ಕಳದು ಇಷ್ಟ ಬರೋದ್ರಿ, ಹಾಕ್ಕೋತ ಹಾಕ್ಕೋತ ಸಡಲ ಆಗ್ತೈತಿ" ಅಂತಾನ. ಬೂಟ ಸಡಲ ಆಗೋದ್ರಾಗ ಕಿರಿಬೆಟ್ಟು ಸತ್ತಿರ್ತೈತಿ. ಎರಿಹೊಲದಾಗ ಬರಿಗಾಲಿಲೆ ಕಳೇವು ತಗದು, ಹತ್ತಿ ಬಿಡಿಸಿ ಬೆಳದ ಪಾದ ನಮ್ಮವು. ಬೆಟ್ಟು ಅಗಲಕ ಹರಡ್ಯಾವ. ಇದು ಕೊರತಿ ಅಲ್ಲ, ಪಾದ ಇರಬೇಕಾದ್ದ ಹಂಗ. ಚೆನ್ನೈದಾಗಿರೋ ಕೇಂದ್ರ ಸರ್ಕಾರದ ಚರ್ಮ ಸಂಶೋಧನಾ ಸಂಸ್ಥೆಯವರು ಇಡೀ ದೇಶದಾಗ ಒಂದ ಲಕ್ಷಕ್ಕಿಂತ ಹೆಚ್ಚು ಮಂದಿ ಪಾದ ಅಳದು, ನಮ್ಮ ದೇಶದವರ ಪಾದ ಅಗಲ, ಇಂಗ್ಲೆಂಡಿನ ಅಳತಿ ನಮಗ ಹೊಂದಂಗಿಲ್ಲ ಅಂತ ಹೇಳಿ 'ಭಾ' ಅನ್ನೋ ಹೊಸ ಅಳತಿ ಪದ್ಧತಿ ಮುಂದ ಇಟ್ಟಾರ. 2024ರಾಗ ಅದು ಸುದ್ದಿ ಆಗಿತ್ತು. ಅಂದ್ರ ಇಷ್ಟ ವರ್ಷ ಬೂಟ ಹೊಂದಲಿಲ್ಲ ಅಂದ್ರ ತಪ್ಪು ನಮ್ಮ ಪಾದದ್ದಲ್ಲ. "ನನ್ನ ಕಾಲ ಚಂದ ಇಲ್ಲ, ಅಡ್ಡಾದಿಡ್ಡಿ ಬೆಳದಾವ" ಅಂತ ಅಂಗಡ್ಯಾಗ ಕಾಲ ಸೀರಿಯಾಗ ಮುಚ್ಕೊಳ್ಳೋದು ಇನ್ನರ ಬಿಡ್ರಿ.

ಅದಕ್ಕ ಅಂಗಡ್ಯಾಂವನ ಮಾತು ಬ್ಯಾಡ, ಅಳತಿ ಮನ್ಯಾಗ ತೊಗೋರಿ. ಸಂಜಿಮುಂದ ತೊಗೋಬೇಕು, ಮುಂಜಾನೆದ್ದು ತಗದ್ರ ಸಣ್ಣ ಬರ್ತೈತಿ. ಹಳೇ ಪೇಪರ್ ನೆಲಕ್ಕ ಹಾಸಿ ಎರಡೂ ಕಾಲಿನ ಮ್ಯಾಲ ಭಾರ ಹಾಕಿ ನಿಲ್ರಿ, ಇನ್ನೊಬ್ರು ಪೆನ್ಸಿಲ್ ನೆಟ್ಟಗ ಹಿಡದು ಸುತ್ತ ಗೆರಿ ಎಳೀಲಿ. ಒಬ್ಬರ ಬಗ್ಗಿ ಎಳಕೊಂಡ್ರ ಪಾದ ಹೊಳ್ಳತೈತಿ, ಅಳತಿ ಸುಳ್ಳ ಬರ್ತೈತಿ. ಎರಡೂ ಕಾಲಿಂದು ತೊಗೋರಿ, ಭಾಳ ಮಂದಿಗೆ ಒಂದ ಪಾದ ಸೊಲ್ಪ ದೊಡ್ಡದಿರ್ತೈತಿ. ದೊಡ್ಡದ್ದು ಲೆಕ್ಕ. ಕತ್ತರಿಸಿದ ಪೇಪರನ್ನ ಅಂಗಡ್ಯಾಗ ಬೂಟಿನ ಅಟ್ಟಿ ಮ್ಯಾಲ ಇಡ್ರಿ. ಪೇಪರ್ ಅಂಚು ಹೊರಗ ಬಂದ್ರ ಆ ಬೂಟು ನಿಮ್ಮದಲ್ಲ, ಬಣ್ಣ ಎಷ್ಟರ ಚಂದ ಇರ್ಲಿ. ಹಾಕ್ಕೊಂಡು ನಿಂತಾಗ ಉದ್ದನ ಬೆಟ್ಟಿನ ಮುಂದ ಒಂದ ಹೆಬ್ಬೆಟ್ಟಿನಷ್ಟು ಜಗಾ ಇರಬೇಕು, ಹಿಮ್ಮಡ ಮಾತ್ರ ಅಲಗಾಡಬಾರ್ದು. ಹೆಣ್ಮಕ್ಕಳ ಕಡಿ ಸಿಗಲಿಲ್ಲಂದ್ರ ಹುಡುಗರ ಕಡಿ ಹೋಗ್ರಿ. ಅಲ್ಲಿ ಅಗಲ ಸಿಗ್ತೈತಿ, ಅಟ್ಟೀನೂ ಗಟ್ಟಿ. ನನ್ನ ಅಣ್ಣನ ಮಗಳಿಗೆ ಹಂಗ ತೊಗೊಂಡ್ವಿ. ಅಂಗಡ್ಯಾಂವ "ಅದು ಹುಡುಗರದ್ರಿ" ಅಂದ. "ಬೂಟಿಗೆ ಹೆಂಗ ಗೊತ್ತಾಗ್ತೈತಿ?" ಅಂದ್ಲು ಅಕಿ. ಚಲೋ ಅಂದ್ಲು.

ಇನ್ನೊಂದ ಕಡಿಯಿಂದ ನಮ್ಮ ಹುಬ್ಬಳ್ಳ್ಯಾಗಿರೋ ಹುಡುಗರು ಬ್ಯಾರೆ ಗದ್ದಲ ಹಚ್ಯಾರ. ಸೈಕಲ್ ಬೂಟ ಅಂತನ ಬರ್ತಾವಂತ, ಅಟ್ಟಿಗೆ ಒಂದ ತುಂಡ ಹಚ್ಚಿರ್ತಾರ, ಅದು ಪೆಡ್ಲಿಗೆ ಸಿಕ್ಕೊಂಡು ಕುಂಡ್ರತೈತಿ, ಮ್ಯಾಲ ಎಳದ್ರೂ ಬಲ ಬೀಳ್ತೈತಿ, ಅದ ತೊಗೋರಿ ಅಂತಾರ. ವಿಜಯಪುರ, ಬಾಗಲಕೋಟಿ, ಗದಗ ಕಡಿ ಹುಡುಗ್ಯಾರು ಸೈಕಲ್ ರೇಸಿನ್ಯಾಗ ಹೆಸರ ಮಾಡ್ಯಾರ, ಚಂದರಗಿ ಕ್ರೀಡಾ ಸಾಲಿ ನಮಗೇನು ದೂರ ಅಲ್ಲ. ಅವರಿಗೆ ಅದು ಬೇಕು, ಅವರು ಹುಟ್ಟಾ ರೇಸಿನವರು. ನಮ್ಮವರು ಬಾದಾಮಿ ಗುಹಾದ ಮೆಟ್ಟಲಾ ಹತ್ತೋರು, ಐಹೊಳ್ಯಾಗ ಗುಡಿ ಗುಡಿ ಅಡ್ಡಾಡೋರು. ಆ ಬೂಟಿನ ಅಟ್ಟಿ ಕಲ್ಲಿನ ಮ್ಯಾಲ ಜಾರ್ತೈತಿ. ಎಮ್ಮಿ ಅಡ್ಡ ಬಂದ್ರ ಫಕ್ಕನ ಕಾಲ ಕೆಳಗ ಇಡಾಕ ಬರಂಗಿಲ್ಲ, ರೂಢಿ ಬೇಕು. ಮತ್ತ ಆ ಬೂಟು, ಆ ಪೆಡ್ಲು ಎರಡರ ರೊಕ್ಕದಾಗ ಐದೂ ಮಂದಿಗೆ ಸಾದಾ ಬೂಟು ಬರ್ತಾವ. ಸ್ಲೀಪರ್ ಸಾಕು ಅನ್ನೋರು ಮತ್ತ ಇವರು, ಇಬ್ಬರೂ ನಮ್ಮ ಹೆಣ್ಮಕ್ಕಳ ಪಾದ ನೋಡಿಲ್ಲ.

ಕೊಲ್ಲಾಪುರಿ ಹಾಕ್ಕೊಳ್ರಿ ಅಂದವರೂ ಅದಾರ. ನನಗ ಕೊಲ್ಲಾಪುರಿ ಅಂದ್ರ ಭಾಳ ಪ್ರೀತಿ. ಹೆಸರ ಕೊಲ್ಲಾಪುರದ್ದಾದ್ರೂ ಅಥಣಿ, ನಿಪ್ಪಾಣಿ ಕಡಿ ನಮ್ಮವರ ಕೈಯಿಂದ ತಯಾರಾಗ್ತಾವ. 2019ರಾಗ ಜಿಐ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಕ ಜಿಲ್ಲಾದ ಜೋಡಿ ಬೆಳಗಾವಿ, ಬಾಗಲಕೋಟಿ, ವಿಜಯಪುರ, ಧಾರವಾಡ ಜಿಲ್ಲಾನೂ ಅದ್ರಾಗ ಸೇರ್ಯಾವ. ಅಟ್ಟಿ ಗಟ್ಟಿ, ಚರ್ಮಕ್ಕ ಗಾಳಿ ಆಡ್ತೈತಿ, ಬ್ಯಾಸಿಗ್ಯಾಗ ನಡಿಯಾಕ ಅದರಂಥಾದ್ದಿಲ್ಲ. ಆದ್ರ ಹಿಂದ ಪಟ್ಟಿ ಇಲ್ಲ, ಚರ್ಮದ ಅಟ್ಟಿ ಪೆಡ್ಲಿನ ಮ್ಯಾಲ ಜಾರ್ತೈತಿ, ನೀರ ಬಿದ್ರ ಕೆಡ್ತೈತಿ. ನಡಿಯಾಕ ಹಾಕ್ಕೊಳ್ರಿ, ಸೈಕಲ್ಲಿಗೆ ಬ್ಯಾಡ.

ಹಂಗಾದ್ರ ಯಾವುದು ಅಂತ ಕೇಳಿದ್ರ, ನನ್ನ ಮಾತು ಇಷ್ಟ. ಕೈಯಾಗ ಹಿಡದು ಎರಡೂ ತುದಿ ಒತ್ತಿದ್ರ ನಡುವ ಸುಲಭಕ್ಕ ಬಾಗಬಾರ್ದು, ಅಂಥಾ ಅಟ್ಟಿ. ರಬ್ಬರ ಅಟ್ಟಿ, ಸಣ್ಣ ಗೀರು ಇದ್ರ ಸಾಕು. ಆಳ ಗೀರು ಬ್ಯಾಡ, ನಮ್ಮ ಎರಿಮಣ್ಣ ನಿಮಗ ಗೊತ್ತ ಐತಿ. ಅಕಾಲ ಮಳಿ ಒಂದ ಬಿದ್ರ ಕಚ್ಚಾ ದಾರ್ಯಾಗ ಒಂದೊಂದ ಕಾಲಿಗೆ ಎರಡೆರಡ ಕಿಲೋ ಮಣ್ಣ ಹತ್ತತೈತಿ, ಮಡಗಾರ್ಡಿನ್ಯಾಗ ಸಿಕ್ಕು ಗಾಲೀನ ತಿರಗಂಗಿಲ್ಲ. ಹಿಂದ ಹಿಮ್ಮಡ ಹಿಡಿಯೋ ಪಟ್ಟಿ ಇರಬೇಕು. ಲೇಸ್ ಇರೋ ಬೂಟಾದ್ರ ಲೇಸಿನ ತುದಿ ಒಳಗ ಸಿಗಸ್ರಿ, ಬಲಗಾಲಿಂದು ಖಾಯಂ ಚೈನಿಗೆ ಹೋಗ್ತೈತಿ. ಗುಡಿ ಗುಡಿಗೆ ನಿಂತು ಹೊರಗ ಬಿಡೋರಿಗೆ ಲೇಸಿಗಿಂತ ಅಂಟೋ ಪಟ್ಟಿ ಇರೋ ಸ್ಯಾಂಡಲ್ ಚಲೋ. ಪಟ್ಟದಕಲ್ಲಿನ ವಿರೂಪಾಕ್ಷನ ಮುಂದ, ಬನಶಂಕರಿ ಮುಂದ, ಸಂಗಮನಾಥನ ಮುಂದ ಬಿಚ್ಚೋದು ಹಾಕೋದು ಎಷ್ಟ ಸಲಾ! ಪಟ್ಟಿ ಇನ್ನೊಂದ ಕಾರಣಕ್ಕೂ ಬೇಕು. ಮಧ್ಯಾಹ್ನ ಪಾದ ಊದಿದಾಗ ಸಡಲ ಮಾಡ್ಕೋಬಹುದು. ಜುಮ್ಮ ಅಂದ ಕೂಡ್ಲೆ ಸಡಲ ಮಾಡ್ರಿ, ತಡಕೊಂಡು ಹೋಗೋದು ಶೂರತನ ಅಲ್ಲ.

ಬೂಟ ಹಾಕ್ಕೊಳ್ಳೋರು ಸಾಕ್ಸ್ ಎರಡ ಜೋಡ ಒಯ್ರಿ. ಪೂರ್ತಿ ಹತ್ತೀದು ಬೆವರ ಕುಡದು ಹಸೀನ ಉಳೀತೈತಿ, ಹಸಿ ಅರಬಿ ಚರ್ಮ ತಿಕ್ಕಿ ಗುಳ್ಳಿ ಏಳಸ್ತೈತಿ. ಆಟಗಾರರು ಹಾಕ್ಕೊಳ್ಳೋ ತೆಳ್ಳನ ನೈಲಾನ್ ಮಿಶ್ರದ್ದು ಲಗೂನ ಆರ್ತೈತಿ. ಮತ್ತ ಹೊಸಾ ಬೂಟು ಹೊಂಡೋ ದಿನ ಮೊದಲ ಸಲ ಹಾಕ್ಕೋಬ್ಯಾಡ್ರಿ. ಈಗಿಂದ ಗಿರಣಿಗೆ, ಸಂಘದ ಮೀಟಿಂಗಿಗೆ, ಹೊಲಕ್ಕ ಹಾಕ್ಕೊಂಡು ಹೋಗ್ರಿ. ಮಂದಿ ನಗತಾರ ಅನ್ನೋದು ಒಂದ ವಾರದ ಮಾತು. ಸಕ್ಕರಿ ಬ್ಯಾನಿ ಇದ್ದವರು ಯಾರರ ಹೊಂಟಿದ್ರ ದಿನಾ ರಾತ್ರಿ ಅಂಗಾಲ ದೀಪದ ಬೆಳಕಿನ್ಯಾಗ ನೋಡ್ಕೋಬೇಕು, ಗಾಯ ಆದದ್ದು ಅವರಿಗೆ ಗೊತ್ತಾಗಂಗಿಲ್ಲ.

"ಬಸ್ ಪುಕ್ಕಟೆ ಐತೆಲ್ಲ, ಸೈಕಲ್ ಯಾಕ?" ಅಂತ ಕಟ್ಟಿ ಮ್ಯಾಲ ಕುಂತವರು ಕೇಳ್ತಾರ. 2023ರ ಜೂನದಿಂದ ಪುಕ್ಕಟೆ ಐತಿ, ನಾವೂ ಅಡ್ಡಾಡೀವಿ, ಕೊಟ್ಟವರಿಗೆ ಪುಣ್ಯಾ ಬರ್ಲಿ. ಬಸ್ಸು ಸಂಗಮಕ್ಕ ಒಯ್ದ ಬಿಡ್ತೈತಿ. ಗೋದಿ ಹೊಲದ ನಡುವ ನಿಲ್ಲಂಗಿಲ್ಲ, ಮಲಪ್ರಭಾ ಸೇತುವಿ ಮ್ಯಾಲ ನಿಂತು ಬುತ್ತಿ ಬಿಚ್ಚಾಕ ಬಿಡಂಗಿಲ್ಲ. ತಮಿಳುನಾಡಿನ ಪುದುಕೋಟೈ ಜಿಲ್ಲಾದಾಗ 1990ರ ಆಜೂಬಾಜು ಸಾಕ್ಷರತಾ ಚಳವಳಿ ನಡದಾಗ ಅಕ್ಷರದ ಜೋಡಿ ಸೈಕಲ್ಲೂ ಕಲಸಿದ್ರು. ಹೊಲದ ಕೂಲಿ ಹೆಣ್ಮಕ್ಕಳು, ಕಲ್ಲ ಒಡಿಯೋರು, ಸಾವಿರಗಟ್ಲೆ ಮಂದಿ ಕಲತ್ರು. ಪಿ. ಸಾಯಿನಾಥ್ ಅವರು ಅದನ್ನ ಬರದಾರ. ಅಲ್ಲೂ ಬಸ್ಸಿದ್ವು. ಬಸ್ಸಿಗೆ ಕಾಯೋದು ಬ್ಯಾರೆ, ತನ್ನ ಗಾಡಿ ತಾನ ಹೊಡಿಯೋದು ಬ್ಯಾರೆ ಅನ್ನೋದು ಅವರಿಗೆ ತಿಳದಿತ್ತು.

"ಅಕ್ಕಮಹಾದೇವಿ ಯಾವ ಬೂಟ ಹಾಕ್ಕೊಂಡು ಶ್ರೀಶೈಲಕ್ಕ ಹೋದ್ಲು?" ಅಂತ ನಮ್ಮ ದೊಡ್ಡವ್ವ ಕೇಳಿದ್ಲು. ದೊಡ್ಡವ್ವ, ಅಕ್ಕಾ ಸೈಕಲ್ ಹೊಡಿಯಲಿಲ್ಲ. ಅಕಿ ಅತ್ತಿಮನೀನೂ ಬಿಟ್ಟ ಹೋದ್ಲು, ಕಾಲುಂಗರ ಯಾರನ್ನೂ ಕೇಳ್ಲಿಲ್ಲ. ಆ ಉದಾಹರಣಿ ತಗದ್ರ ನಿನಗ ತ್ರಾಸ. ಹರಕಿ ಹೊತ್ತು ಬರಿಗಾಲಿಲೆ ನಡಿಯೋರಿಗೆ ನಾನು ಕೈ ಮುಗೀತೀನಿ, ಅದು ಅವರು ತಾವ ಆರಿಸಿದ್ದು. ಯುಗಾದಿ ಮುಂದ ಶ್ರೀಶೈಲಕ್ಕ ನಡಕೊಂಡ ಹೋಗೋ ನಮ್ಮ ಮನಿ ಗಂಡಸೂರು ಹೋದ ವರ್ಷ ಬೂಟ ಕೊಂಡೇ ಹೋಗ್ಯಾರ. ಆವಾಗ ಅಕ್ಕನ ಹೆಸರ ಯಾರೂ ತಗೀಲಿಲ್ಲ.

ಹೊಂಡೋದು ಸಂಕ್ರಮಣ ಮುಗದ ಮ್ಯಾಲಿನ ಸೋಮವಾರ, ಬೆಳಗಿನ ಐದೂವರಿಗೆ, ಬಿಸಲ ಏರೋದ್ರಾಗ ಕುಳಗೇರಿ ಕ್ರಾಸ್ ಮುಟ್ಟೋ ಹಂಗ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಮನಿಯಿಂದ. ಇನ್ನೂ ಬೂಟ ತೊಗೊಳ್ಳದವರು ಈ ಶನಿವಾರ ಸಂಜಿಮುಂದ ನಮ್ಮ ಮನಿಗೆ ಬರ್ರಿ, ಹಳೇ ಪೇಪರು ಪೆನ್ಸಿಲ್ಲು ಇಟ್ಟಿರ್ತೀನಿ, ಅಳತಿ ತಗೀತೀನಿ. ರವಿವಾರ ನರಗುಂದಕ್ಕ ಹೋಗೂಣು. ಚಲೋ ಅಟ್ಟಿ ಇದ್ದು ಹಿಂದಿನ ಪಟ್ಟಿ ಇಲ್ಲದ ಸ್ಯಾಂಡಲ್ ಇದ್ರ ಅದನ್ನೂ ತರ್ರಿ, ಗಿಡದ ಕೆಳಗ ಕುಂಡ್ರೋ ಚಪ್ಪಲಿ ಹೊಲಿಯೋ ಕಾಕಾ ಪಟ್ಟಿ ಹಾಕಿ ಗಟ್ಟಿ ಹೊಲದ ಕೊಡ್ತಾರ, ಹೊಸಾದು ಬೇಕಾಗಂಗಿಲ್ಲ. ಹಿತ್ತಲಮನಿ ಅತ್ತ್ಯಾರ, ನೀವೂ ಶನಿವಾರ ಸೊಸಿ ಜೋಡಿ ಬರ್ರಿ. ಅಕಿದು ಕಾಲುಂಗರ ಹಾಕ್ಕೊಂಡು ಒಂದ ಅಳತಿ, ತಗದು ಒಂದ ಅಳತಿ ತಗೀತೀನಿ. ಎರಡೂ ಪೇಪರು ಒಂದರ ಮ್ಯಾಲ ಒಂದ ಇಟ್ಟು ನೀವ ನೋಡ್ರಿ.